ಕೂಡಿಸದೆ ಬಿಟ್ಟ ಲೆಕ್ಕ: ಒಂದು ಚುಚ್ಚುಮದ್ದು ಮಾರ್ಗಸೂಚಿ ಸೇರಲು 22 ವರ್ಷ

ದಿನ ತುಂಬುವ ಮೊದಲೇ ಹುಟ್ಟುವ ಶಿಶುವಿನ ಉಸಿರು ಉಳಿಸಬಲ್ಲ ಅಗ್ಗದ ಚುಚ್ಚುಮದ್ದೊಂದು ಇದೆ ಎಂಬುದಕ್ಕೆ ವೈದ್ಯಲೋಕದಲ್ಲಿ ಮೊದಲ ಪುರಾವೆ ದೊರೆತದ್ದು 1972ರಲ್ಲಿ. ಅದನ್ನು ವ್ಯಾಪಕವಾಗಿ ಬಳಸಬೇಕೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಎನ್‌ಐಎಚ್) ಕರೆದಿದ್ದ ತಜ್ಞರ ಸಭೆ ಶಿಫಾರಸು ಮಾಡಿದ್ದು 1994ರಲ್ಲಿ. ನಡುವಿನ 22 ವರ್ಷಗಳಲ್ಲಿ ಔಷಧದ ಗುಣವೇನೂ ಬದಲಾಗಿರಲಿಲ್ಲ. ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳ ಅಂಕಿ ಅಂಶಗಳು ಬೇರೆ ಬೇರೆ ವೈದ್ಯಕೀಯ ನಿಯತಕಾಲಿಕಗಳಲ್ಲಿ ಚದುರಿ ಹೋಗಿದ್ದವು. ಅವನ್ನೆಲ್ಲ ಒಂದೆಡೆ ತಂದು ಕೂಡಿಸಿ ನೋಡುವ ಕೆಲಸ ಬಹುಕಾಲ ನಡೆದಿರಲಿಲ್ಲ.

ಆ ವಿಳಂಬಕ್ಕೆ ತೆತ್ತ ಬೆಲೆ ದೊಡ್ಡದು. ಸಕಾಲದಲ್ಲಿ ಲೆಕ್ಕ ಹಾಕಿದ್ದರೆ ಹತ್ತಾರು ಸಾವಿರ ಶಿಶುಗಳ ಸಾವು ಮತ್ತು ಸಂಕಟವನ್ನು ಬಹುಶಃ ತಪ್ಪಿಸಬಹುದಿತ್ತು ಎಂದು ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಅಂತಾರಾಷ್ಟ್ರೀಯ ಸಂಸ್ಥೆ ಕಾಕ್ರೇನ್ ಹೇಳಿದೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಅನೇಕ ಪಿಎಚ್‌.ಡಿ. ವಿದ್ಯಾರ್ಥಿಗಳು ರೋಗಿಗಳನ್ನು ನೇರವಾಗಿ ನೋಡದೆ, ಪ್ರಯೋಗಾಲಯದೊಳಗೆ ಕಾಲಿಡದೆ, ಈಗಾಗಲೇ ದೊರೆತಿರುವ ದತ್ತಾಂಶಗಳ ವಿಶ್ಲೇಷಣೆಯಲ್ಲೇ ವರ್ಷಗಳನ್ನು ಕಳೆಯುತ್ತಾರೆ. ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಈ ಕೆಲಸದಿಂದ ಯಾರಿಗೆ ಏನು ಲಾಭ ಎಂಬ ಪ್ರಶ್ನೆಗೆ ಈ ಚುಚ್ಚುಮದ್ದಿನ ಇತಿಹಾಸವೇ ಉತ್ತರ. ಆ ಇತಿಹಾಸದ ಎರಡು ಮುಖ್ಯ ಅಧ್ಯಾಯಗಳಲ್ಲಿ ನಮ್ಮ ಬೆಳಗಾವಿಯೂ ಇದೆ.

ಕುರಿಮರಿಯಿಂದ ಆರಂಭ

ಗರ್ಭದಲ್ಲಿ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಬಲಿಯುವುದಿಲ್ಲ. ಶ್ವಾಸಕೋಶ ಪೂರ್ತಿ ಸಿದ್ಧವಾಗುವುದು ಕೊನೆಯ ವಾರಗಳಲ್ಲಿ. ಉಸಿರು ಬಿಟ್ಟಾಗ ಶ್ವಾಸಕೋಶದ ಸಣ್ಣ ಗಾಳಿಚೀಲಗಳು ಮುದುಡಿ ಅಂಟಿಕೊಳ್ಳದಂತೆ ತಡೆಯಲು ಅವುಗಳ ಒಳಗೋಡೆಯ ಮೇಲೆ ಸರ್ಫ್ಯಾಕ್ಟಂಟ್ ಎಂಬ ತೆಳುಲೇಪ ಇರಬೇಕು. ಏಳನೆಯ ತಿಂಗಳಲ್ಲೇ ಹುಟ್ಟಿದ ಕೂಸಿನಲ್ಲಿ ಈ ಲೇಪ ಸಾಕಷ್ಟು ಇರುವುದಿಲ್ಲ. ಪ್ರತಿ ಉಸಿರಿಗೂ ಅದು ಹೆಣಗಬೇಕಾಗುತ್ತದೆ. ಇದನ್ನು ಉಸಿರಾಟದ ತೊಂದರೆಯ ಲಕ್ಷಣಕೂಟ ಎನ್ನುತ್ತಾರೆ.

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಪ್ರಸೂತಿ ತಜ್ಞ ಮಾಂಟ್ ಲಿಗಿನ್ಸ್ ಅವರು 1960ರ ದಶಕದಲ್ಲಿ ಹೆರಿಗೆ ನೋವು ಆರಂಭವಾಗಲು ಕಾರಣವೇನು ಎಂಬುದನ್ನು ಕುರಿಗಳಲ್ಲಿ ಅಧ್ಯಯನ ಮಾಡುತ್ತಿದ್ದರು. ಗರ್ಭದಲ್ಲಿರುವಾಗಲೇ ಸ್ಟೀರಾಯ್ಡ್ ಪಡೆದಿದ್ದ ಮರಿಗಳು ಅವಧಿಗೆ ಬಹಳ ಮೊದಲೇ ಹುಟ್ಟಿದವು. ಬದುಕುವುದು ಅಸಾಧ್ಯವೆನಿಸುವಷ್ಟು ಎಳೆಯ ಮರಿಯೊಂದು ಉಸಿರಾಡಿದ್ದನ್ನು, ಅದರ ಶ್ವಾಸಕೋಶ ಭಾಗಶಃ ಅರಳಿದ್ದನ್ನು ಅವರು ಗಮನಿಸಿದರು. ಸ್ಟೀರಾಯ್ಡ್ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತಿದೆಯೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ.

ಮಕ್ಕಳ ತಜ್ಞ ರಾಸ್ ಹೋವಿ ಅವರೊಡನೆ ಸೇರಿ ಲಿಗಿನ್ಸ್ ಅವರು ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಪ್ರಯೋಗ ನಡೆಸಿದರು. ಅವಧಿಪೂರ್ವ ಹೆರಿಗೆಯ ಸಂಭವವಿದ್ದ 282 ತಾಯಂದಿರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಬೀಟಾಮೆಥಾಸೋನ್ ಚುಚ್ಚುಮದ್ದು ನೀಡಲಾಯಿತು. 1972ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಔಷಧ ಪಡೆದ ತಾಯಂದಿರ ಶಿಶುಗಳಲ್ಲಿ ಶೇ 9ರಷ್ಟಕ್ಕೆ ಉಸಿರಾಟದ ತೊಂದರೆ ಕಾಣಿಸಿಕೊಂಡರೆ, ಪಡೆಯದವರ ಶಿಶುಗಳಲ್ಲಿ ಆ ಪ್ರಮಾಣ ಶೇ 25.8. ತಾನಾಗಿ ಹೆರಿಗೆ ನೋವು ಬಂದವರ ಶಿಶುಗಳಲ್ಲಿ ಹುಟ್ಟಿದ ಮೊದಲ ದಿನಗಳ ಸಾವು ಶೇ 3.2 ಮತ್ತು ಶೇ 15.

ಇಷ್ಟು ಸ್ಪಷ್ಟವಾದ ಅಂತರವಿದ್ದರೂ ವೈದ್ಯರು ಈ ಔಷಧವನ್ನು ಏಕೆ ಕೂಡಲೇ ಒಪ್ಪಿಕೊಳ್ಳಲಿಲ್ಲ?

ಸಣ್ಣ ಪ್ರಯೋಗಗಳ ತೊಡಕು

ಒಂದು ಆಸ್ಪತ್ರೆಯ ಒಂದು ಪ್ರಯೋಗವನ್ನು ನಂಬಿ ಎಲ್ಲ ಗರ್ಭಿಣಿಯರಿಗೂ ಸ್ಟೀರಾಯ್ಡ್ ಕೊಡಲು ವೈದ್ಯರು ಹಿಂಜರಿದದ್ದು ಸಹಜವೇ. ಸೋಂಕು ತಗಲಬಹುದು, ಮಗುವಿನ ಬೆಳವಣಿಗೆಗೆ ಮುಂದೆ ತೊಂದರೆಯಾಗಬಹುದು ಎಂಬ ಭಯವಿತ್ತು. ಹೀಗಾಗಿ ಬೇರೆ ದೇಶಗಳಲ್ಲಿ ಮತ್ತಷ್ಟು ಪ್ರಯೋಗಗಳು ನಡೆದವು. ಅವುಗಳಲ್ಲಿ ಹಲವು ಚಿಕ್ಕವು. ಕೆಲವು ಲಾಭವಿದೆ ಎಂದವು. ಹೆಚ್ಚಿನವು 'ಖಚಿತವಾಗಿ ಹೇಳಲಾಗದು' ಎಂಬಲ್ಲಿಗೆ ನಿಂತವು.

ಇಲ್ಲಿ ಸಂಖ್ಯಾಶಾಸ್ತ್ರದ ಒಂದು ಸೂಕ್ಷ್ಮವಿದೆ. ಉದಾಹರಣೆಗೆ, ಒಂದು ಆಸ್ಪತ್ರೆಯಲ್ಲಿ 50 ತಾಯಂದಿರಿಗೆ ಔಷಧ ಕೊಟ್ಟು, ಇನ್ನು 50 ಮಂದಿಗೆ ಕೊಡಲಿಲ್ಲ ಎಂದುಕೊಳ್ಳೋಣ. ಮೊದಲ ಗುಂಪಿನಲ್ಲಿ 4 ಶಿಶುಗಳು, ಎರಡನೆಯದರಲ್ಲಿ 8 ಶಿಶುಗಳು ತೀರಿಕೊಂಡವು ಎನ್ನೋಣ. ಸಾವು ಅರ್ಧದಷ್ಟು ಇಳಿದಂತೆ ತೋರುತ್ತದೆ. ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಈ ವ್ಯತ್ಯಾಸ ಕೇವಲ ಆಕಸ್ಮಿಕವಾಗಿಯೂ ಬರಬಹುದು. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಸಲ ಒಂದೇ ಮುಖ ಬಿದ್ದರೆ ನಾಣ್ಯದಲ್ಲಿ ದೋಷವಿದೆ ಎನ್ನಲಾಗದು, ಇದೂ ಹಾಗೆಯೇ.

ಇಂಥದೇ ಫಲಿತಾಂಶ ಹತ್ತು ಆಸ್ಪತ್ರೆಗಳಲ್ಲಿ ಬಂದರೆ? ಆಗ ಒಟ್ಟು ಲೆಕ್ಕ 500ಕ್ಕೆ 40 ಮತ್ತು 500ಕ್ಕೆ 80. ಇದು ಆಕಸ್ಮಿಕವಾಗಿ ಬರುವ ಸಂಭವ ತೀರಾ ಕಡಿಮೆ. ವಿಪರ್ಯಾಸವೆಂದರೆ, ಹತ್ತೂ ಆಸ್ಪತ್ರೆಗಳ ವೈದ್ಯರು ತಂತಮ್ಮ ವರದಿಯಲ್ಲಿ 'ಲಾಭ ಸಾಬೀತಾಗಿಲ್ಲ' ಎಂದು ಬರೆದಿರಬಹುದು. ಬಿಡಿಬಿಡಿಯಾಗಿ ಓದಿದವರಿಗೆ ಹತ್ತು 'ಇಲ್ಲ'ಗಳು ಕಾಣುತ್ತವೆ, ಕೂಡಿಸಿದವರಿಗೆ ಒಂದು 'ಹೌದು' ಕಾಣುತ್ತದೆ.

ಹನಿಗೂಡಿಸುವ ವಿಧಾನ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಯೇ ಈ ವಿಧಾನದ ಸಾರ. ಬೇರೆ ಬೇರೆ ಅಧ್ಯಯನಗಳ ಫಲಿತಾಂಶಗಳನ್ನು ನಿಯಮಬದ್ಧವಾಗಿ ಕೂಡಿಸುವ ಈ ಕ್ರಮಕ್ಕೆ 'ಮೆಟಾ ಅನಾಲಿಸಿಸ್' ಎಂಬ ಹೆಸರು ಕೊಟ್ಟವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೀನ್ ಗ್ಲಾಸ್, 1976ರಲ್ಲಿ. ಎಲ್ಲವನ್ನೂ ಸುಮ್ಮನೆ ಒಟ್ಟು ಮಾಡುವುದಿಲ್ಲ. ದೊಡ್ಡ ಪ್ರಯೋಗಕ್ಕೆ ಹೆಚ್ಚು ತೂಕ, ಚಿಕ್ಕದಕ್ಕೆ ಕಡಿಮೆ ತೂಕ ನೀಡಲಾಗುತ್ತದೆ. ಪ್ರತಿ ಪ್ರಯೋಗದೊಳಗಿನ ಎರಡು ಗುಂಪುಗಳ ನಡುವಿನ ಅಂತರವನ್ನು ಮೊದಲು ಲೆಕ್ಕ ಹಾಕಿ, ಬಳಿಕ ಆ ಅಂತರಗಳ ಸರಾಸರಿ ತೆಗೆಯಲಾಗುತ್ತದೆ.

ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ ಅವರು 1979ರಲ್ಲಿ ತಮ್ಮದೇ ವೃತ್ತಿಯ ಮೇಲೆ ಕಟುವಾದ ಆರೋಪ ಹೊರಿಸಿದರು. ಪ್ರತಿ ವಿಭಾಗದಲ್ಲೂ ನಡೆದ ಪ್ರಯೋಗಗಳನ್ನು ಒರೆಗೆ ಹಚ್ಚಿ, ಸಾರ ಸಂಗ್ರಹಿಸಿ, ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥೆಯೇ ಇಲ್ಲ ಎಂಬುದು ಅವರ ದೂರು. ಈ ವಿಷಯದಲ್ಲಿ ಅತ್ಯಂತ ಹಿಂದುಳಿದ ವಿಭಾಗ ಪ್ರಸೂತಿಶಾಸ್ತ್ರ ಎಂದೂ ಅವರು ಜರೆದರು. ಆ ಮಾತನ್ನು ಸವಾಲಾಗಿ ಸ್ವೀಕರಿಸಿದವರಲ್ಲಿ ಆಕ್ಸ್‌ಫರ್ಡಿನ ಇಯಾನ್ ಚಾಮರ್ಸ್ ಪ್ರಮುಖರು. ಅವರು ಪ್ಯಾಟ್ರಿಶಿಯಾ ಕ್ರೌಲಿ ಮತ್ತು ಮಾರ್ಕ್ ಕೈರ್ಸ್ ಅವರೊಡನೆ 1990ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಮೂರು ಸಾವಿರಕ್ಕೂ ಹೆಚ್ಚು ಮಂದಿ ಪಾಲ್ಗೊಂಡಿದ್ದ 12 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಉಸಿರಾಟದ ತೊಂದರೆಯೂ ಶಿಶುಮರಣವೂ ಇಳಿಯುತ್ತವೆ ಎಂಬುದು ಖಚಿತವಾಯಿತು. ನಾಲ್ಕು ವರ್ಷಗಳ ಬಳಿಕ ಅಮೆರಿಕದ ತಜ್ಞರ ಸಭೆ, 24ರಿಂದ 34 ವಾರಗಳ ನಡುವೆ ಅವಧಿಪೂರ್ವ ಹೆರಿಗೆಯ ಸಂಭವವಿರುವ ಗರ್ಭಿಣಿಯರಿಗೆ ಸ್ಟೀರಾಯ್ಡ್ ನೀಡುವುದನ್ನು ಪರಿಗಣಿಸಬೇಕೆಂದು ಹೇಳಿತು.

1993ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಇದೇ ಲೆಕ್ಕ ಅಡಗಿದೆ. ವೃತ್ತದ ನಡುವೆ ಒಂದು ಲಂಬ ಗೆರೆ, ಅದರ ಸುತ್ತ ಏಳು ಅಡ್ಡಗೆರೆಗಳು, ಕೆಳಗೊಂದು ಪುಟ್ಟ ವಜ್ರಾಕೃತಿ. ಪ್ರತಿ ಅಡ್ಡಗೆರೆಯೂ ಒಂದು ಸ್ಟೀರಾಯ್ಡ್ ಪ್ರಯೋಗ. ಹೆಚ್ಚಿನವು ನಡುಗೆರೆಯನ್ನು ಮುಟ್ಟುತ್ತವೆ, ಅಂದರೆ ಒಂಟಿಯಾಗಿ ಅವು ಅನಿಶ್ಚಿತ. ಆದರೆ ಎಲ್ಲದರ ಒಟ್ಟು ಫಲವಾದ ವಜ್ರಾಕೃತಿ ನಡುಗೆರೆಯಿಂದ ದೂರವಾಗಿ ಎಡಕ್ಕೆ, ಲಾಭದ ಕಡೆಗೆ ನಿಂತಿದೆ.

ಇದೊಂದೇ ಪ್ರಕರಣವಲ್ಲ

ಹೃದಯಾಘಾತದ ಚಿಕಿತ್ಸೆಯಲ್ಲೂ ಹೀಗೆಯೇ ಆಗಿತ್ತು. ರಕ್ತದ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಔಷಧದ ಬಗ್ಗೆ 1959ರಿಂದ 1988ರವರೆಗೆ ನಡೆದ 33 ಪ್ರಯೋಗಗಳನ್ನು ಅಮೆರಿಕದ ಜೋಸೆಫ್ ಲಾ ಮತ್ತು ಸಂಗಡಿಗರು 1992ರಲ್ಲಿ ವಿಶ್ಲೇಷಿಸಿದರು. ಅವರದು ಹೊಸ ಉಪಾಯ: ಪ್ರಯೋಗಗಳನ್ನು ನಡೆದ ಕ್ರಮದಲ್ಲೇ ಒಂದೊಂದಾಗಿ ಕೂಡಿಸುತ್ತ ಹೋದರು. 1973ರ ವೇಳೆಗೇ, ಕೇವಲ 8 ಪ್ರಯೋಗಗಳ 2,432 ರೋಗಿಗಳ ಲೆಕ್ಕದಲ್ಲೇ ಔಷಧ ಜೀವ ಉಳಿಸುತ್ತದೆ ಎಂಬುದು ಸ್ಥಿರಪಟ್ಟಿತ್ತು. ಆ ಬಳಿಕ ನಡೆದ 25 ಪ್ರಯೋಗಗಳಿಗೆ ಇನ್ನೂ 34,542 ರೋಗಿಗಳನ್ನು ಸೇರಿಸಿಕೊಳ್ಳಲಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಔಷಧ ದೊರೆತಿರಲಿಲ್ಲ.

ಎಳೆಗೂಸನ್ನು ಬೋರಲು ಮಲಗಿಸಬೇಕೆಂಬ ಸಲಹೆ ಪಾಶ್ಚಾತ್ಯ ದೇಶಗಳಲ್ಲಿ ದಶಕಗಳ ಕಾಲ ಚಾಲ್ತಿಯಲ್ಲಿತ್ತು. ನಿದ್ದೆಯಲ್ಲೇ ಹಠಾತ್ತನೆ ಸಂಭವಿಸುವ ಶಿಶುಮರಣಕ್ಕೂ ಈ ಭಂಗಿಗೂ ನಂಟಿದೆ ಎಂಬ ಪುರಾವೆಗಳನ್ನು ಕೂಡಿಸಿದ್ದರೆ 1970ರಲ್ಲೇ ಅಪಾಯ ಗೊತ್ತಾಗುತ್ತಿತ್ತು ಎಂದು ಲಂಡನ್ನಿನ ರೂತ್ ಗಿಲ್ಬರ್ಟ್ ಮತ್ತು ಸಹ ಸಂಶೋಧಕರು 2005ರಲ್ಲಿ ತೋರಿಸಿದರು. ಬ್ರಿಟನ್ನಿನಲ್ಲಿ ಅಂಗಾತ ಮಲಗಿಸುವ ಆಂದೋಲನ ಶುರುವಾದದ್ದು 1991ರಲ್ಲಿ. ಆ ನಡುವೆ ಬ್ರಿಟನ್ ಒಂದರಲ್ಲೇ 10 ಸಾವಿರಕ್ಕೂ ಹೆಚ್ಚು ಶಿಶುಗಳ ಸಾವನ್ನು ತಪ್ಪಿಸಬಹುದಿತ್ತು ಎಂಬುದು ಅವರ ಅಂದಾಜು.

ಬೆಳಗಾವಿಯ ಪಾಠ

ಇಷ್ಟಕ್ಕೇ ಕಥೆ ಮುಗಿದಿದ್ದರೆ, ಕೂಡಿಸಿದರೆ ಸಾಕು ಎಂಬ ತೀರ್ಮಾನಕ್ಕೆ ಬರಬಹುದಿತ್ತು. ಆದರೆ ಕೂಡಿಸಿದ ದತ್ತಾಂಶ ಯಾರದ್ದು, ಎಲ್ಲಿಯದು ಎಂಬ ಪ್ರಶ್ನೆ ಬಾಕಿ ಉಳಿದಿತ್ತು. ಹಳೆಯ ಪ್ರಯೋಗಗಳಲ್ಲಿ ಬಹುಪಾಲು ಶ್ರೀಮಂತ ದೇಶಗಳ, ಸುಸಜ್ಜಿತ ಆಸ್ಪತ್ರೆಗಳಲ್ಲಿ ನಡೆದವು. ದಿನ ತುಂಬದ ಶಿಶುಗಳು ಹೆಚ್ಚು ಸಾಯುವುದು ಬಡ ದೇಶಗಳಲ್ಲಿ. 2020ರಲ್ಲಿ ಜಗತ್ತಿನಲ್ಲಿ ಅಂದಾಜು 1.34 ಕೋಟಿ ಶಿಶುಗಳು ಅವಧಿಗೆ ಮುನ್ನ ಹುಟ್ಟಿದವು. ಅವುಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಹುಟ್ಟಿದ್ದು ಭಾರತದಲ್ಲೇ.

ಹಳ್ಳಿಯ ಮಟ್ಟದಲ್ಲೂ ಈ ಚುಚ್ಚುಮದ್ದು ಸಿಗುವಂತಾದರೆ ಎಷ್ಟೋ ಜೀವ ಉಳಿಯಬಹುದು ಎಂಬ ನಿರೀಕ್ಷೆಯಿಂದ 2011ರಿಂದ 2014ರವರೆಗೆ ಆರು ದೇಶಗಳಲ್ಲಿ 'ಆಕ್ಟ್' ಎಂಬ ಬೃಹತ್ ಪ್ರಯೋಗ ನಡೆಯಿತು. ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ ಮತ್ತು ಭಾರತ ಇದರಲ್ಲಿದ್ದವು. ಭಾರತದ ಎರಡು ಕೇಂದ್ರಗಳು ಬೆಳಗಾವಿ ಮತ್ತು ನಾಗಪುರ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಇದರ ಹೊಣೆ ಹೊತ್ತಿತ್ತು. ಒಟ್ಟು ಸುಮಾರು ಒಂದು ಲಕ್ಷ ಜನನಗಳ ಮೇಲೆ ನಿಗಾ ಇಡಲಾಯಿತು.

ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಅತಿ ಕಡಿಮೆ ತೂಕದ ಶಿಶುಗಳ ಸಾವಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಅಷ್ಟೇ ಅಲ್ಲ, ಎಲ್ಲ ಶಿಶುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಚುಚ್ಚುಮದ್ದಿನ ಬಳಕೆಯನ್ನು ಹೆಚ್ಚಿಸಿದ ಪ್ರದೇಶಗಳಲ್ಲಿ ಸಾವಿರ ಜನನಕ್ಕೆ 27.4 ಶಿಶುಗಳು 28 ದಿನದೊಳಗೆ ಸತ್ತರೆ, ಉಳಿದ ಪ್ರದೇಶಗಳಲ್ಲಿ ಆ ಸಂಖ್ಯೆ 23.9. ಅಂದರೆ ಸಾವಿರಕ್ಕೆ ಮೂರೂವರೆಯಷ್ಟು ಹೆಚ್ಚು ಸಾವು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಇದಕ್ಕೆ ಕಾರಣ ಇಂಥದೇ ಎಂದು ಆ ಪ್ರಯೋಗ ಸಾಬೀತುಪಡಿಸಲಿಲ್ಲ. ಆದರೆ ತಜ್ಞರ ಚರ್ಚೆಯಲ್ಲಿ ಮೂರು ಸಂಗತಿಗಳು ಎದ್ದು ಕಂಡವು. ಮೊದಲನೆಯದು, ಸ್ಕ್ಯಾನಿಂಗ್ ಇಲ್ಲದೆಡೆ ಗರ್ಭಕ್ಕೆ ಎಷ್ಟು ವಾರ ಎಂಬುದೇ ಅಂದಾಜಿನ ಮಾತು. ಹೀಗಾಗಿ ಅಗತ್ಯವಿಲ್ಲದ ಅನೇಕರಿಗೆ ಔಷಧ ಹೋಯಿತು. ಎರಡನೆಯದು, ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಸೋಂಕಿನ ಅಪಾಯ. ಮೂರನೆಯದು, ಹುಟ್ಟಿದ ಬಳಿಕ ಪುಟ್ಟ ಶಿಶುವನ್ನು ನೋಡಿಕೊಳ್ಳಬಲ್ಲ ವ್ಯವಸ್ಥೆಯ ಕೊರತೆ. ಆಕ್ಲೆಂಡಿನ ಆಸ್ಪತ್ರೆಯಲ್ಲಿ ಫಲ ಕೊಟ್ಟ ಮದ್ದು ಬೇರೊಂದು ನೆಲದಲ್ಲಿ ತಾನಾಗಿಯೇ ಫಲ ಕೊಡಲಿಲ್ಲ.

ಗಮನಾರ್ಹ ಸಂಗತಿಯೆಂದರೆ, ಭಾರತ ಸರ್ಕಾರದ ಆರೋಗ್ಯ ಸಚಿವಾಲಯ 2014ರಲ್ಲೇ ಹೊರಡಿಸಿದ ಮಾರ್ಗಸೂಚಿಯಲ್ಲಿ 24ರಿಂದ 34 ವಾರಗಳ ನಡುವೆ ಅವಧಿಪೂರ್ವ ಹೆರಿಗೆ ನೋವು ಬಂದವರಿಗೆ ಡೆಕ್ಸಾಮೆಥಾಸೋನ್ ನೀಡಲು ಸೂಚಿಸಲಾಗಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೋಸ್ ನೀಡಲು ಎಎನ್‌ಎಂಗಳಿಗೂ ಅನುಮತಿ ಇತ್ತು. ಆಕ್ಟ್ ಫಲಿತಾಂಶ ಹೊರಬಿದ್ದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.

ಮತ್ತೆ ಪರೀಕ್ಷೆ, ಮತ್ತೆ ತಿದ್ದುಪಡಿ

ಗೊಂದಲ ಬಗೆಹರಿಸಲು ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಮತ್ತೊಂದು ಪ್ರಯೋಗ ಕೈಗೊಂಡಿತು. 'ಆಕ್ಷನ್' ಎಂಬ ಹೆಸರಿನ ಇದು ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ ಮತ್ತು ನೈಜೀರಿಯಾದ 29 ಆಸ್ಪತ್ರೆಗಳಲ್ಲಿ ನಡೆಯಿತು. ಬೆಳಗಾವಿ ಇದರಲ್ಲೂ ಪಾಲುದಾರ. ಈ ಬಾರಿ ಹಳ್ಳಿಗಳಿಗೆ ಚುಚ್ಚುಮದ್ದು ಒಯ್ಯುವ ಬದಲು, ಶಿಶು ಆರೈಕೆಯ ಸೌಲಭ್ಯವಿರುವ ಆಸ್ಪತ್ರೆಗಳನ್ನೇ ಆರಿಸಲಾಯಿತು. ಗರ್ಭದ ವಾರಗಳನ್ನು ಸ್ಕ್ಯಾನಿಂಗ್ ಮೂಲಕ ಖಚಿತಪಡಿಸಿಕೊಳ್ಳಲಾಯಿತು.

26ರಿಂದ 34 ವಾರದೊಳಗಿನ 2,852 ಗರ್ಭಿಣಿಯರು ಪಾಲ್ಗೊಂಡ ಈ ಪ್ರಯೋಗವನ್ನು ಲಾಭ ಸ್ಪಷ್ಟವಾದ್ದರಿಂದ ನಿಗದಿತ ಅವಧಿಗೆ ಮೊದಲೇ ನಿಲ್ಲಿಸಲಾಯಿತು. 2020ರಲ್ಲಿ ಪ್ರಕಟವಾದ ವರದಿಯಂತೆ, ಔಷಧ ಪಡೆದ ತಾಯಂದಿರ ನವಜಾತ ಶಿಶುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಸುಮಾರು 25 ತಾಯಂದಿರಿಗೆ ಚುಚ್ಚುಮದ್ದು ನೀಡಿದರೆ ಒಂದು ಕೂಸು ಹೆಚ್ಚಾಗಿ ಉಳಿಯುತ್ತದೆ. ತಾಯಂದಿರ ಸೋಂಕೂ ಹೆಚ್ಚಲಿಲ್ಲ.

ಈ ಎಲ್ಲ ದತ್ತಾಂಶವನ್ನು ಮತ್ತೆ ತೂಗಿ ನೋಡಿ 2022ರಲ್ಲಿ ಡಬ್ಲ್ಯುಎಚ್‌ಒ ತನ್ನ ಶಿಫಾರಸನ್ನು ಪರಿಷ್ಕರಿಸಿತು. ಅದರಂತೆ 24ರಿಂದ 34 ವಾರಗಳ ನಡುವೆ ಈ ಔಷಧ ನೀಡಬಹುದು, ಆದರೆ ಈ ಷರತ್ತುಗಳು ಪೂರೈಕೆಯಾಗಬೇಕು:

* ಗರ್ಭಕ್ಕೆ ಎಷ್ಟು ವಾರ ಎಂಬುದು ನಿಖರವಾಗಿ ತಿಳಿದಿರಬೇಕು.
* ಏಳು ದಿನಗಳೊಳಗೆ ಹೆರಿಗೆಯಾಗುವ ಸಂಭವ ಹೆಚ್ಚಾಗಿರಬೇಕು.
* ತಾಯಿಗೆ ಸೋಂಕಿನ ಲಕ್ಷಣ ಇರಬಾರದು.
* ಸುರಕ್ಷಿತ ಹೆರಿಗೆಗೆ ಬೇಕಾದ ಆರೈಕೆ ಲಭ್ಯವಿರಬೇಕು.
* ದಿನ ತುಂಬದ ಶಿಶುವಿಗೆ ಉಸಿರಾಟದ ನೆರವು, ಮೈ ಬೆಚ್ಚಗಿಡುವ ವ್ಯವಸ್ಥೆ ಮುಂತಾದ ಆರೈಕೆ ಸಿಗುವಂತಿರಬೇಕು.

ಒಂದೊಂದು ಷರತ್ತಿನ ಹಿಂದೆಯೂ ಸಾವಿರಾರು ತಾಯಂದಿರು ನೀಡಿದ ಮಾಹಿತಿ ಇದೆ.

ಪಿಎಚ್‌.ಡಿ. ವಿದ್ಯಾರ್ಥಿ ಮಾಡುವುದೇನು?

ಮಾರ್ಗಸೂಚಿ ಸುಧಾರಣೆಗೆ ದತ್ತಾಂಶ ವಿಶ್ಲೇಷಿಸುವ ಸಂಶೋಧಕರ ಕೆಲಸ ಒಂದು ಸರಳ ಪ್ರಶ್ನೆಯಿಂದ ಆರಂಭವಾಗುತ್ತದೆ: ಈ ಚಿಕಿತ್ಸೆ, ಈ ರೋಗಿಗೆ, ಯಾವುದಕ್ಕೆ ಹೋಲಿಸಿದರೆ, ಯಾವ ಫಲ ಕೊಡುತ್ತದೆ? ಪ್ರಶ್ನೆ ಗೊತ್ತಾದ ಮೇಲೆ, ವಿಶ್ಲೇಷಣೆ ಹೇಗೆ ಮಾಡುವೆನೆಂಬ ಯೋಜನೆಯನ್ನು ಮೊದಲೇ ಬಹಿರಂಗವಾಗಿ ದಾಖಲಿಸಬೇಕು. ಇದಕ್ಕಾಗಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯ 2011ರಲ್ಲಿ 'ಪ್ರಾಸ್ಪೆರೊ' ಎಂಬ ನೋಂದಣಿ ವ್ಯವಸ್ಥೆ ಆರಂಭಿಸಿತು. ಫಲಿತಾಂಶ ನೋಡಿದ ಮೇಲೆ ತಮಗೆ ಬೇಕಾದಂತೆ ನಿಯಮ ಬದಲಿಸದಿರಲಿ ಎಂಬುದು ಇದರ ಉದ್ದೇಶ.

ಬಳಿಕ ಹುಡುಕಾಟ. ಸಾವಿರಾರು ಪ್ರಬಂಧಗಳ ಸಾರಾಂಶವನ್ನು ಸಾಮಾನ್ಯವಾಗಿ ಇಬ್ಬರು ಪ್ರತ್ಯೇಕವಾಗಿ ಓದಿ ಬೇಕಾದವನ್ನು ಆರಿಸುತ್ತಾರೆ. ಪ್ರಕಟವಾಗದೆ ಉಳಿದವನ್ನೂ ಅರಸಬೇಕು. ಏಕೆಂದರೆ ಫಲ ಕೊಡದ ಪ್ರಯೋಗಗಳು ಕಡತದಲ್ಲೇ ಕೊಳೆಯುವುದುಂಟು. ಪ್ರಕಟವಾದವನ್ನಷ್ಟೇ ಕೂಡಿಸಿದರೆ ಔಷಧ ಇರುವುದಕ್ಕಿಂತ ಉತ್ತಮವಾಗಿ ಕಾಣುತ್ತದೆ. ಇದನ್ನು ತಡೆಯಲೆಂದೇ ಭಾರತದಲ್ಲಿ 2007ರಲ್ಲಿ ಪ್ರಯೋಗಗಳ ನೋಂದಣಿ ವ್ಯವಸ್ಥೆ (ಸಿಟಿಆರ್‌ಐ) ಆರಂಭವಾಯಿತು. ಔಷಧ ಪ್ರಯೋಗಗಳಿಗೆ 2009ರಿಂದ ನೋಂದಣಿ ಕಡ್ಡಾಯ.

ಮುಂದಿನ ಹಂತ ಮೂಲ ದತ್ತಾಂಶದ ತಪಾಸಣೆ. ವರದಿಯಲ್ಲಿನ ಸರಾಸರಿಗಳನ್ನು ನೆಚ್ಚದೆ, ಪ್ರತಿ ರೋಗಿಯ ವಿವರವನ್ನೂ ಹೆಸರು ಮರೆಮಾಡಿ ಪಡೆದು ವಿಶ್ಲೇಷಿಸುವ ಪದ್ಧತಿ ಈಗ ಬೆಳೆದಿದೆ. ಯಾವ ವಯಸ್ಸಿನವರಿಗೆ, ಎಷ್ಟನೆಯ ವಾರದಲ್ಲಿ ಲಾಭ ಹೆಚ್ಚು ಎಂಬುದು ಆಗ ತಿಳಿಯುತ್ತದೆ. ವಂಚನೆಯೂ ಬಯಲಾಗುತ್ತದೆ. ಕೋವಿಡ್ ಕಾಲದಲ್ಲಿ ಐವರ್‌ಮೆಕ್ಟಿನ್ ಬಗ್ಗೆ ಈಜಿಪ್ಟಿನಿಂದ ಬಂದ ಅಧ್ಯಯನವೊಂದರ ದತ್ತಾಂಶದಲ್ಲಿ ಒಬ್ಬ ರೋಗಿಯ ವಿವರವೇ ಮತ್ತೊಬ್ಬರ ಹೆಸರಿನಲ್ಲಿ ಮರುಕಳಿಸಿದ್ದನ್ನು 2021ರಲ್ಲಿ ಲಂಡನ್ನಿನ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಪತ್ತೆಹಚ್ಚಲು ನೆರವಾದರು. ಅಧ್ಯಯನ ಹಿಂದೆಗೆಯಲ್ಪಟ್ಟಿತು. ಅದನ್ನು ಸೇರಿಸಿ ಔಷಧ ಫಲಕಾರಿ ಎಂದಿದ್ದ ವಿಶ್ಲೇಷಣೆಗಳೂ ಮರುಪರಿಶೀಲನೆಗೆ ಒಳಗಾದವು.

ಕಡೆಯದು, ಪುರಾವೆಯ ತೂಕ ನಿರ್ಧರಿಸುವುದು. 'ಗ್ರೇಡ್' ಎಂಬ ಪದ್ಧತಿಯಲ್ಲಿ ಪುರಾವೆಗೆ ಉನ್ನತ, ಮಧ್ಯಮ, ಕಡಿಮೆ, ತೀರಾ ಕಡಿಮೆ ಎಂಬ ನಾಲ್ಕು ದರ್ಜೆಗಳಿವೆ. ಮಾರ್ಗಸೂಚಿ ರೂಪಿಸುವ ಸಮಿತಿ ಈ ದರ್ಜೆಯ ಜೊತೆಗೆ ಖರ್ಚು, ಅಪಾಯ, ರೋಗಿಗಳ ಇಷ್ಟಾನಿಷ್ಟಗಳನ್ನೂ ಪರಿಗಣಿಸಿ ತೀರ್ಮಾನಿಸುತ್ತದೆ. ಸಂಶೋಧಕರು ಲೆಕ್ಕ ಒದಗಿಸುತ್ತಾರೆ, ಶಿಫಾರಸು ಮಾಡುವ ಹೊಣೆ ಸಮಿತಿಯದು.

ತಾಯಿ ಕಾರ್ಡಿನ ಒಂದು ದಿನಾಂಕ

ಉತ್ತಮ ಮಾರ್ಗಸೂಚಿ ಇದ್ದ ಮಾತ್ರಕ್ಕೆ ಕೂಸು ಉಳಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ನಡುರಾತ್ರಿ ನೋವಿನಿಂದ ಬರುವ ಗರ್ಭಿಣಿಗೆ ಈಗ ಎಷ್ಟನೆಯ ವಾರ ಎಂಬುದು ಅಲ್ಲಿರುವ ವೈದ್ಯರಿಗೆ ತಿಳಿಯದಿದ್ದರೆ ಡಬ್ಲ್ಯುಎಚ್‌ಒ ಹೇಳಿದ ಮೊದಲ ಷರತ್ತೇ ಬಿದ್ದುಹೋಗುತ್ತದೆ. ಆರಂಭದ ತಿಂಗಳುಗಳಲ್ಲೇ ಮಾಡಿಸಿದ ಸ್ಕ್ಯಾನಿಂಗ್, ಕೊನೆಯ ಮುಟ್ಟಿನ ದಿನಾಂಕ, ತಾಯಿ ಕಾರ್ಡಿನಲ್ಲಿ ಅವುಗಳ ನಮೂದು, ಇವು ಅಲ್ಪ ಸಂಗತಿಗಳಂತೆ ಕಂಡರೂ ಚುಚ್ಚುಮದ್ದು ಕೊಡಬೇಕೋ ಬೇಡವೋ ಎಂಬ ನಿರ್ಧಾರ ನಿಂತಿರುವುದು ಇವುಗಳ ಮೇಲೆಯೇ. ಗರ್ಭಿಣಿಯ ಮನೆಯವರು ಆ ಕಾರ್ಡನ್ನು ತಪ್ಪದೆ ಜೊತೆಗೊಯ್ಯುವುದು, ದಿನಕ್ಕೆ ಮುನ್ನ ನೋವು ಕಂಡರೆ ತಡಮಾಡದೆ ಶಿಶು ಆರೈಕೆ ಘಟಕವಿರುವ ಆಸ್ಪತ್ರೆ ತಲುಪುವುದು ಅವಶ್ಯ.

ಆಕ್ಲೆಂಡಿನ 282 ತಾಯಂದಿರಿಂದ ಆರಂಭವಾದ ಲೆಕ್ಕಕ್ಕೆ ಬೆಳಗಾವಿಯ ತಾಯಂದಿರ ಅಂಕಿಗಳೂ ಸೇರಿದ ಮೇಲೆಯೇ ಅದು ನಮ್ಮ ಆಸ್ಪತ್ರೆಗಳಿಗೆ ಒಪ್ಪುವಂತಾಯಿತು. ಅದಕ್ಕೆ ಹಿಡಿದ ಕಾಲ ಅರ್ಧ ಶತಮಾನ. ಮುಂದಿನ ಔಷಧದ ವಿಷಯದಲ್ಲಿ ಈ ಅವಧಿಯನ್ನು ಕೆಲವೇ ವರ್ಷಗಳಿಗೆ ಇಳಿಸುವುದು ದತ್ತಾಂಶ ವಿಶ್ಲೇಷಣೆಯಲ್ಲಿ ತೊಡಗಿರುವ ಯುವ ಸಂಶೋಧಕರ ಮುಂದಿರುವ ಕೆಲಸ.